ನಲವತ್ತರ ಮೇಲೆ ಗಾಡಿ ಓಡಿಸದ ಎಲೆಕ್ಟ್ರಿಷಿಯನ್

ಅವರಷ್ಟು ಹೆದರುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಬೀದಿ ನಾಯಿಗೆ ಹೆದರುತ್ತಿದ್ದರು, ಗ್ಯಾಸ್ ಸಿಲಿಂಡರಿಗೆ ಹೆದರುತ್ತಿದ್ದರು, ಲಿಫ್ಟ್ ಇರುವ ಕಟ್ಟಡಕ್ಕೆ ಹೋದರೆ ಮೊದಲು ಮೆಟ್ಟಿಲು ಹುಡುಕುತ್ತಿದ್ದರು. ರಸ್ತೆ ದಾಟಬೇಕಾದರೆ ಇನ್ನೊಬ್ಬರು ಯಾರಾದರೂ ದಾಟಲು ಬರುವ ತನಕ ಕಾಯುತ್ತಿದ್ದರು. ಆಮೇಲೆ ಗಾಡಿ ಬರುವ ಕಡೆಗೆ ಆ ಪುಣ್ಯಾತ್ಮನನ್ನು ಬಿಟ್ಟು, ತಾವು ಈಚೆ ಬದಿಯಲ್ಲಿ ದಾಟುತ್ತಿದ್ದರು. ಇಂಥವರು ಬದುಕೆಲ್ಲ ಕಾರುಗಳ ಕರೆಂಟಿನ ಕೆಲಸ ಮಾಡಿಕೊಂಡೇ ಕಳೆದರು. ಹೋದ ತಿಂಗಳು ತೀರಿಕೊಂಡರು. ಹೆದರಿದ್ದ ಯಾವುದೂ ಅವರನ್ನು ಮುಟ್ಟಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲವಂತೆ.

ಕಂಟೋನ್ಮೆಂಟಿನ ಒಂದು ಹಳೇ ಕಾಂಪೌಂಡ್ ಗೋಡೆಗೆ ಆತುಕೊಂಡು ಅವರ ತಗಡಿನ ಶೆಡ್ಡು. ಬಳ್ಳಾರಿಯ ಬಿಸಿಲಿಗೆ ಆ ತಗಡು ಕಾದು ಹೆಂಚಾಗಿರುತ್ತಿತ್ತು. ಆದರೂ ಕಾಲಿಗೆ ರಬ್ಬರ್ ಬೂಟು ಹಾಕದೆ ಗಾಡಿ ಮುಟ್ಟುತ್ತಿರಲಿಲ್ಲ. ಜಾಕಿ ಮೇಲೆ ಎತ್ತಿದ ಗಾಡಿಯ ಕೆಳಗೆ ನುಗ್ಗುವ ಮೊದಲು ಜಾಕಿಯ ಪಕ್ಕ ಒಂದು ಕಲ್ಲು, ಕಲ್ಲಿನ ಪಕ್ಕ ಸ್ಟೆಪ್ನಿ, ಸ್ಟೆಪ್ನಿಯ ಪಕ್ಕ ಮರದ ದಿಮ್ಮಿ ಇಡುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಗಾಡಿಯನ್ನು ಒಮ್ಮೆ ಅಲುಗಾಡಿಸಿ, ಕಣ್ಣುಮುಚ್ಚಿ ಏನೋ ಗೊಣಗಿ, ಒಳಗೆ ಹೋಗುತ್ತಿದ್ದರು. ನಾನು ಒಮ್ಮೆ ತಮಾಷೆ ಮಾಡಿದ್ದೆ.

“ಅಣ್ಣಾರ, ಅಷ್ಟು ಹೆದರಿಕಿ ಇದ್ರ ಕಿರಾಣಿ ಅಂಗಡಿ ಇಡಬೇಕಿತ್ರಿ.”

“ಅಲ್ಲಿ ಇಲಿ ಇರ್ತಾವಲ್ರೀ ಮೇಡಂ,” ಅಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಗಾಡಿ ಓಡಿಸುವಾಗಂತೂ ನಲವತ್ತರ ಗಡಿ ದಾಟಿದವರಲ್ಲ. ಸೈಕಲ್ ಮೇಲೆ ಹೋಗುವ ಮುದುಕರು ಅವರನ್ನು ಹಿಂದೆ ಹಾಕಿ, ತಿರುಗಿ ನೋಡಿ ಹೋಗುತ್ತಿದ್ದರು. ಭಯ ಜಾಸ್ತಿಯಾದಾಗ ಅವರ ಬಾಯಲ್ಲಿ ಕನ್ನಡ ನಿಂತು ತೆಲುಗು ಶುರುವಾಗುತ್ತಿತ್ತು. “ದೇವುಡಾ, ದೇವುಡಾ” ಎನ್ನುತ್ತ ಸ್ಟೇರಿಂಗ್ ಹಿಡಿಯುತ್ತಿದ್ದರು.

ಆಯುಧ ಪೂಜೆ ಬಂತೆಂದರೆ ಆ ಶೆಡ್ಡಿನ ಮುಂದೆ ಗಾಡಿಗಳ ಸಾಲು. ಗಿರಾಕಿಗಳೆಲ್ಲ ಅವರ ಕೈಯಿಂದಲೇ ಪೂಜೆಯಾಗಬೇಕು ಎಂದು ಬರುತ್ತಿದ್ದರು, ನಾನೂ ಹೋಗುತ್ತಿದ್ದೆ. ಬೇರೆಯವರು ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ನೀರನ್ನು ಟೈರಿಗೆ ಚಿಮುಕಿಸಿ ಮುಗಿಸುತ್ತಾರೆ. ಇವರಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಬಾನೆಟ್ ಎತ್ತಿ, ಕಾಯಿ ನೀರಿಗೆ ಕುಂಕುಮ ಕಲಸಿ, ಒಳಗೂ ಹಾಕುತ್ತಿದ್ದರು. “ಚಕ್ರ ಬರೇ ಕಾಲು ರೀ. ಜೀವ ಇರೋದು ಒಳಗ. ರಕ್ಷಣಿ ಅಲ್ಲಿ ಬೇಕು,” ಎಂಬುದು ಅವರ ವಾದ. ಯಾರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ. ಆ ವರ್ಷವಂತೂ ನಾನೇ, ಇನ್ನೊಂದು ಸ್ವಲ್ಪ ಹಾಕ್ರಿ ಎಂದಿದ್ದೆ. ನನಗೆ ಆಗಷ್ಟೇ ಮುಟ್ಟು ನಿಂತಿತ್ತು. ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಹೇಳದಿರುವುದಕ್ಕೆ ಕಾರಣವಿತ್ತು. ಅದಕ್ಕೂ ಮೊದಲು ಎರಡು ಸಲ ನಾನು ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದಿದ್ದೆ. ಒಂದು ಮೂರನೇ ತಿಂಗಳಲ್ಲಿ ಹೋಯಿತು, ಇನ್ನೊಂದು ಆರು ತುಂಬಿದ ಮೇಲೆ. ಎಲ್ಲ ಪರೀಕ್ಷೆ ಆಯಿತು, ಎಲ್ಲ ರಿಪೋರ್ಟು ಬಂತು. ಏನೂ ದೋಷ ಇಲ್ಲ, ನೀವು ಆರಾಮಿದ್ದೀರಿ, ಚಿಂತೆ ಮಾಡಬೇಡಿ ಎಂದರು ಡಾಕ್ಟರು. ಏನೂ ಇಲ್ಲದೆ ಮಕ್ಕಳು ಹೋಗುತ್ತವೆಯೇ? ಆ ಮಾತು ಕೇಳಿದಷ್ಟೂ ನನಗೆ ಭಯ ಹೆಚ್ಚಾಯಿತು. ಏನೋ ಇದೆ ಎಂದಿದ್ದರೆ ಅದರ ಜೊತೆ ಜಗಳವಾದರೂ ಆಡಬಹುದಿತ್ತು.

ನನ್ನ ಕೆಲಸ ಸಿರುಗುಪ್ಪದ ಕಾಲೇಜಿನಲ್ಲಿ, ಮನೆ ಬಳ್ಳಾರಿಯ ಪಾರ್ವತಿನಗರದಲ್ಲಿ. ಎರಡನೆಯದು ಹೋದಾಗಲೇ ಇನ್ನು ಬಸ್ಸಿನ ಕುಲುಕಾಟ ಬೇಡ ಎಂದು ಡಾಕ್ಟರು ಹೇಳಿದ್ದರಿಂದ, ಕ್ಲಚ್ ತುಳಿಯುವ ಕಷ್ಟವೂ ಬೇಡವೆಂದು ಗೇರು ತಾನೇ ಬದಲಾಗುವ ಹಳೇ ಕಾರನ್ನು ನಮ್ಮವರು ಹುಡುಕಿ ತಂದಿದ್ದರು. ಅವರಿಗೆ ಗಾಡಿ ಓಡಿಸಲು ಬಾರದು. ಹೆರಿಗೆ ರಜೆಯಷ್ಟನ್ನೂ ಕೂಸಿನ ಜೊತೆಗೇ ಕಳೆಯಬೇಕೆಂದು ನಾನು ಏಳನೇ ತಿಂಗಳಲ್ಲೂ ದಿನಾ ಹೋಗಿ ಬರುತ್ತಿದ್ದೆ.

ಬೇಸಿಗೆ ಶುರುವಾದ ಹೊಸತು. ತೆಕ್ಕಲಕೋಟೆ ದಾಟಿ ಹೊರಟಿದ್ದೆ. ಕಾರು ಒಮ್ಮೆ ಜಗ್ಗಿದಂತಾಯಿತು. ಮುಂದಿನ ಫಲಕದಲ್ಲಿ ಗೇರಿನ ಗುರುತು ಮಿಣುಕಲು ಹತ್ತಿತು. ಆಕ್ಸಲರೇಟರ್ ಒತ್ತಿದರೆ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಗಾಡಿ ಮಾತ್ರ ಮುಂದಕ್ಕೆ ಎಳೆಯುವುದಿಲ್ಲ. ಹಿಂದೆ ಭತ್ತದ ಲಾರಿಯೊಂದು ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಹೇಗೋ ಬದಿಗೆ ಎಳೆದು ನಿಲ್ಲಿಸಿದೆ. ಲಾರಿ ಕನ್ನಡಿ ಸವರಿದಷ್ಟು ಹತ್ತಿರದಿಂದ ಹೋಯಿತು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತೆ. ಒಳಗೆ ಕೂಸು ಅಲ್ಲಾಡುತ್ತಿರಲಿಲ್ಲ. ಅದು ಮತ್ತೆ ಒದೆಯುವ ತನಕ ನಾನು ಉಸಿರು ಬಿಟ್ಟ ನೆನಪಿಲ್ಲ. ಆಮೇಲೆ ಗಾಡಿ ಬಂದ್ ಮಾಡಿ ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು.

ದೊಡ್ಡ ಸರ್ವಿಸ್ ಸೆಂಟರಿನವರು ಕಂಪ್ಯೂಟರ್ ಹಚ್ಚಿ ನೋಡಿದರು. ಗೇರ್‌ಬಾಕ್ಸಿನ ಒಳಗೆ ಚಕ್ರ ಎಷ್ಟು ಜೋರು ತಿರುಗುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ತಿಳಿಸುವ ಬೆರಳುದ್ದದ ಸೆನ್ಸರ್ ಒಂದಿರುತ್ತದಂತೆ, ಅದನ್ನು ಬದಲಾಯಿಸಿದರು. ಒಂದು ವಾರ ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ರಸ್ತೆಯಲ್ಲಿ ಅದೇ ಆಟ. ಮತ್ತೆ ಒಯ್ದೆ. ಓಡಿಸಿ ನೋಡಿ, “ಏನೂ ಇಲ್ಲ ಮೇಡಂ, ಪರ್ಫೆಕ್ಟ್ ಇದೆ” ಎಂದರು. ಆ ‘ಏನೂ ಇಲ್ಲ’ ನಾನು ಆಸ್ಪತ್ರೆಯಲ್ಲಿ ಕೇಳಿದ್ದೇ ಆಗಿತ್ತು. ಗಾಡಿ ತೆಗೆದುಕೊಂಡು ನೇರ ಕಂಟೋನ್ಮೆಂಟಿಗೆ ಬಂದೆ.

ಅವರು ನನ್ನ ಹೊಟ್ಟೆ ನೋಡಿದರು, ಗಾಡಿ ನೋಡಿದರು, ಸ್ಟೂಲ್ ತಂದು ನೆರಳಿಗೆ ಹಾಕಿದರು. ಇಡೀ ಕಥೆ ಕೇಳಿ ಅವರ ಮುಖ ಬಾಡಿತು.

“ಏನೂ ಇಲ್ಲ ಅಂತ ಅಂದಾರಂತ ನೀವು ನಂಬಬ್ಯಾಡ್ರಿ,” ಎಂದರು. “ಏನೂ ಇಲ್ಲ ಅಂದ್ರ ನಮಗ ಇನ್ನಾ ಸಿಕ್ಕಿಲ್ಲ ಅಂತ. ಗಾಡಿ ಖಾಲಿಪೀಲಿ ನಿಂದರೂದಿಲ್ಲ. ಸೆನ್ಸರ್ ಹೊಸಾದು ಹಾಕಿದ್ರೂ ಬಂತಂದ್ರ, ಅದು ಮಾತಾಡತೈತಿ, ಮಾತು ಮುಟ್ಟವಲ್ದು. ನಡುವ ಎಲ್ಲೋ ವೈರು ಕೈ ಕೊಡಾಕತ್ತೈತಿ.”

ಆ ಮಾತಿಗೆ ನನಗೆ ಕಣ್ಣಲ್ಲಿ ನೀರು ಬಂತು. ಯಾಕೆಂದು ಅವರಿಗೆ ಗೊತ್ತಾಗಲಿಲ್ಲ, ಪಾಪ. ಗಾಬರಿಯಾಗಿ ನೀರಿನ ಬಾಟಲಿ ತಂದುಕೊಟ್ಟರು.

ಆ ವೈರು ಕೈ ಕೊಡುವ ಹೊತ್ತಿನಲ್ಲೇ ಹಿಡಿಯಬೇಕು, ನಿಂತ ಗಾಡಿಯಲ್ಲಿ ಹಿಡಿಯಲಾಗದು ಎಂದರು. ಸೆನ್ಸರಿಗೆ ಕರೆಂಟು ಕೊಡುವ ವೈರಿಗೆ ಇನ್ನೊಂದು ಉದ್ದನೆಯ ವೈರು ಕಟ್ಟಿ, ಬಾನೆಟ್ಟಿನ ಸಂದಿಯಿಂದ ಕಿಟಕಿಯೊಳಗೆ ತಂದು, ಕರೆಂಟು ಅಳೆಯುವ ಮೀಟರಿಗೆ ಸಿಗಿಸಿದರು. ಎಲ್ಲ ಸರಿಯಿದ್ದರೆ ಮೀಟರು ಐದು ವೋಲ್ಟು ತೋರಿಸಬೇಕು. ನಾನೊಬ್ಬನೇ ಓಡಿಸಿಕೊಂಡು ಹೋಗಿ ಬರುತ್ತೇನೆ ಎಂದು ಹೊರಟರು. ಬಂದು, ಐದೇ ತೋರಿಸಿತು ಎಂದರು. ಮರುದಿನ ಮತ್ತೆ ಹೋದರು. ಆಗಲೂ ಐದೇ. ಎಷ್ಟರಲ್ಲಿ ಓಡಿಸಿದಿರಿ ಎಂದು ಕೇಳಿದೆ.

“ನಾ ಯಾವಾಗ್ಲೂ ಹೋಗೂ ಹಂಗ.”

“ನಲವತ್ತಾ?”

“ಮೂವತ್ತೈದು. ಟೆಸ್ಟಿಂಗ್ ಅಲ್ಲೇನ್ರೀ, ಹುಷಾರಾಗಿರಬೇಕು.”

ನನಗೆ ಸಿಟ್ಟು, ನಗು ಎರಡೂ ಬಂದವು. ಗೇರ್‌ಬಾಕ್ಸು ಕಾದು ಎಲ್ಲ ಗೇರೂ ಬದಲಾಗಿ, ಗಾಡಿ ಎಂಬತ್ತರಲ್ಲಿ ಅದುರಿದಾಗ ಬರುವ ತೊಂದರೆ ಅದು. ಈ ಮಹಾನುಭಾವರ ಭಯಕ್ಕೆ ಆ ದೋಷವೂ ಹೊರಗೆ ಬರದೆ ಅಡಗಿ ಕೂತಿತ್ತು. ನಾನೇ ಓಡಿಸುತ್ತೇನೆ, ನೀವು ಮೀಟರ್ ನೋಡಿ ಎಂದೆ. ಅವರು ಕೈ ಮುಗಿದರು.

“ಬ್ಯಾಡ ಯವ್ವಾ. ಎರಡು ಜೀವ ಅದೀರಿ. ಬ್ಯಾರೆ ಡ್ರೈವರ್ ಕರಸ್ತೀನಿ.”

“ಬ್ಯಾರೆಯವ್ರು ಬಂದು ಏನೂ ಇಲ್ಲ ಅಂದ್ರ ನಾ ಏನ್ ಮಾಡ್ಲಿ? ಇನ್ನೊಬ್ರು ಹೇಳಿದ್ದು ಕೇಳಿ ಕೇಳಿ ಸಾಕಾಗೇತಿ ನನಗ. ನೀವು ಬರ್ಲಿಲ್ಲಂದ್ರ ಸೋಮವಾರ ಒಬ್ಬಾಕಿನ ಇದ ಗಾಡಿ ತಗೊಂಡು ಸಿರುಗುಪ್ಪಕ್ಕ ಹೋಗ್ತೀನಿ.”

ಅದು ಬರೀ ಹಟವಲ್ಲ. ಹಟದ ಕೆಳಗೆ ಭಯವಿತ್ತು, ಕಣ್ಣಿಗೆ ಕಾಣದ ಭಯವನ್ನು ಒಮ್ಮೆಯಾದರೂ ಎದುರಿಗೆ ನೋಡಿಬಿಡಬೇಕೆಂಬ ಹುಚ್ಚೂ ಇತ್ತು. ಇವತ್ತು ಕೇಳಿದರೆ ಹೀಗೆ ಮಾಡು ಎಂದು ಯಾವ ಬಸುರಿಗೂ ನಾನು ಹೇಳುವುದಿಲ್ಲ.

ಭಾನುವಾರ ಬೆಳಿಗ್ಗೆ ಹೊರಟೆವು. ಕುರುಗೋಡಿನ ತನಕ ರಸ್ತೆ ಖಾಲಿ ಇರುತ್ತದೆ, ಅಲ್ಲಿಂದ ಸುತ್ತಿ ಸಿರುಗುಪ್ಪದ ದೊಡ್ಡ ರಸ್ತೆಗೆ ಸೇರೋಣ ಎಂದು ಅವರೇ ದಾರಿ ಹೇಳಿದರು. ಪಕ್ಕದ ಸೀಟಿನಲ್ಲಿ ಮೀಟರನ್ನು ತೊಡೆಯ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿ ಹಿಡಿದು ಕೂತಿದ್ದರು. ಕುರುಗೋಡಿನ ಗುಡ್ಡದ ಬುಡದಲ್ಲಿ ನಿಲ್ಲಿಸಿ ನಾನು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆ. ಅವರು ನೀರು ಸಹ ಮುಟ್ಟಲಿಲ್ಲ. ನೀವು ತಿನ್ನದಿದ್ದರೆ ಮೀಟರ್ ಸರಿ ತೋರಿಸುತ್ತದೆಯೇ ಎಂದು ಕಾಲೆಳೆದರೂ ಬಾಗಿಲ ಹಿಡಿ ಬಿಡಲಿಲ್ಲ.

ದೊಡ್ಡ ರಸ್ತೆಗೆ ಬಂದಾಗ ಬಿಸಿಲು ಏರಿತ್ತು. ಎರಡೂ ಕಡೆ ಭತ್ತದ ಗದ್ದೆ. ನಾನು ಮೆಲ್ಲಗೆ ವೇಗ ಏರಿಸಿದೆ. ಅವರು ಮೀಟರಿನಿಂದ ಕಣ್ಣು ಕೀಳದೆ ಜೋರಾಗಿ ಓದತೊಡಗಿದರು.

“ಐದು. ಐದು. ಐದು ಐತಿ. ಮೇಡಂ, ಐವತ್ತು ದಾಟಿದ್ರಿ. ಐದು.”

ಅರವತ್ತು, ಎಪ್ಪತ್ತು. ಅವರ ದನಿ ಸಣ್ಣದಾಗುತ್ತ ಹೋಯಿತು. ನನ್ನ ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಬರಲಿ ಎಂದು ಹೊರಟವಳು ನಾನೇ, ಬಾರದಿರಲಿ ಎಂದು ಹರಕೆ ಹೊರುತ್ತಿದ್ದವಳೂ ನಾನೇ. ಎದುರಿಗೆ ಕಾಲುವೆಯ ಸೇತುವೆ ಕಂಡಿತು. ಸಣ್ಣ ಸೇತುವೆ, ಬದಿಗೆ ಎಳೆಯಲು ಜಾಗವಿಲ್ಲ. ಕನ್ನಡಿಯಲ್ಲಿ ಲಾರಿ ಇತ್ತು.

“ಐದು. ಐದು. ನಾಕು. ದೇವುಡಾ! ಮೂರು. ಹೋತು! ಹೋತು ಮೇಡಂ, ಸೊನ್ನಿ!”

ಅವರು ಅನ್ನುವುದಕ್ಕೂ ಗಾಡಿ ಜಗ್ಗುವುದಕ್ಕೂ ಸರಿಹೋಯಿತು. ಗೇರಿನ ಗುರುತು ಮಿಣುಕಿತು, ಎಂಜಿನ್ ಬೊಬ್ಬೆ ಹೊಡೆಯಿತು, ಸೇತುವೆಯ ನಡುವೆ ಕಾರು ತೆವಳುತ್ತ ತೆವಳುತ್ತ ನಿಂತೇಬಿಟ್ಟಿತು. ಹಿಂದೆ ಲಾರಿಯ ಹಾರ್ನು ಕಿವಿ ತುಂಬಿತು. ನನಗೆ ಬಾಗಿಲು ತೆರೆಯಲೂ ಕೈ ಬರಲಿಲ್ಲ. ಹೊಟ್ಟೆಗೆ ಅಡ್ಡ ಬಾಗಿ ಕಣ್ಣು ಮುಚ್ಚಿಕೊಂಡೆ. ಈ ಸಲವೂ ಹೋಯಿತು ಎಂದುಕೊಂಡೆ.

ಬಾಗಿಲು ದಡ್ಡೆಂದ ಸದ್ದು ಕೇಳಿ ಕಣ್ಣು ಬಿಟ್ಟೆ. ಪಕ್ಕದ ಸೀಟು ಖಾಲಿ ಇತ್ತು. ಓಡಿಹೋದರು ಎಂದೇ ಭಾವಿಸಿದೆ, ಸುಳ್ಳು ಯಾಕೆ ಹೇಳಲಿ. ಕನ್ನಡಿಯಲ್ಲಿ ನೋಡಿದರೆ ಅವರು ಅಂಗಿ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಬೀಸುತ್ತ, ಲಾರಿಗೆ ಎದುರಾಗಿ ರಸ್ತೆಯ ನಡುವೆ ಓಡುತ್ತಿದ್ದರು. ಕೂಗುತ್ತಿದ್ದುದೆಲ್ಲ ತೆಲುಗು. ಲಾರಿ ಕಿರ್ರೆಂದು ಅವರ ಮುಂದೆ ನಾಲ್ಕು ಮಾರು ದೂರದಲ್ಲಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, “ಏಮಯ್ಯಾ, ಚಸ್ತಾವಾ?” ಎಂದು ಬೈದ. ಸಾಯಲಿಕ್ಕೆ ಬಂದಿದ್ದೀಯಾ ಎಂದು ಅವನು ಕೇಳುತ್ತಿದ್ದರೆ, ಇವರು ನನ್ನ ಕಾರಿನ ಕಡೆ ಕೈ ತೋರಿಸಿ, ಹೊಟ್ಟೆಯ ಮುಂದೆ ಗಾಳಿಯಲ್ಲಿ ದುಂಡಗೆ ಗುರುತು ಮಾಡಿ ತೋರಿಸುತ್ತಿದ್ದರು. ಆತ ಇಳಿದು ಬಂದು ನನ್ನನ್ನು ನೋಡಿ ತಾನೇ ಕಾರಿಗೆ ಕೈ ಹಚ್ಚಿದ. ಇಬ್ಬರೂ ಸೇರಿ ಕಾರನ್ನು ಸೇತುವೆಯಾಚೆ ಬದಿಗೆ ತಳ್ಳಿದರು.

ನಾನು ಒಂದು ಜಾಲಿ ಮರದ ಅರೆನೆರಳಲ್ಲಿ ಕಲ್ಲಿನ ಮೇಲೆ ಕೂತೆ. ಕೂಸು ಒದ್ದಿತು. ಅವರು ಬನಿಯನ್ನಿನಲ್ಲೇ ಬಾನೆಟ್ ಎತ್ತಿ, ಮೊದಲು ಬ್ಯಾಟರಿ ಬಿಚ್ಚಿದರು, ಅದರ ಕೆಳಗಿನ ತಟ್ಟೆ ಎತ್ತಿದರು. ಸೆನ್ಸರಿನಿಂದ ಬಂದ ವೈರು ಅಲ್ಲೊಂದು ಜಾಯಿಂಟಿನಲ್ಲಿ ಕೂಡುತ್ತದೆ. ಯಾರ ಕಣ್ಣಿಗೂ ಬೀಳದ ಜಾಗ. ಅದನ್ನು ಎಳೆದು ಬಿಡಿಸಿ, ಮೂಗಿನ ಹತ್ತಿರ ತಂದು ನೋಡಿದರು. ಆಮೇಲೆ ಅವರು ಅಲ್ಲಾಡಲಿಲ್ಲ. ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಬಹಳ ಹೊತ್ತು ಹಾಗೆಯೇ ನಿಂತರು. ಒಂದು ಸಲ ಒರೆಸಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ವೈರು ಹಳೇದಾಗಿತ್ತು ಎಂದರೆ ನಾನು ನಂಬುತ್ತಿದ್ದೆ, ಮೇಲೆ ನೂರು ಸಲ ಉಪಕಾರ ಹೇಳುತ್ತಿದ್ದೆ.

“ಮೇಡಂ, ಬರ್ರಿಲ್ಲಿ,” ಎಂದು ಕರೆದರು. “ಒರಸೂಕಿಂತ ಮೊದ್ಲ ನೀವು ನೋಡ್ರಿ.”

ಎದ್ದು ಹೋದೆ. ತಾಮ್ರದ ಸಣ್ಣ ಪಿನ್ನುಗಳ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಅದರ ಬುಡದಲ್ಲಿ ಕೆಂಪು ಕರೆ.

“ಹಸರು ಎಲ್ಲಾ ಗಾಡ್ಯಾಗೂ ಬರತೈತಿ. ಈ ಕೆಂಪು ನೋಡ್ರಿ. ಕುಂಕುಮರೀ. ಕಾಯಿ ನೀರು ಒಣಗಿ ಹತ್ತಿಕೊಂಡೈತಿ. ಅದ ತಾಮ್ರ ತಿಂದದ್ದು.” ಒರೆಸುವ ಬಟ್ಟೆ ಕೆಳಗಿಟ್ಟರು. “ಹಬ್ಬದ ದಿವಸ ನಾನ ಹಾಕಿದ್ನಲ್ರೀ. ನನ್ನ ಕೈಲೇ.”

ಹೇಳಿದವರೇ ರಸ್ತೆ ಬದಿಯ ಮಣ್ಣಿನಲ್ಲಿ ಕುಸಿದು ಕೂತರು. ನಾನು ಅಳತೊಡಗಿದೆ. ಸಿಟ್ಟಿಗೆ ಅಳುತ್ತಿದ್ದೇನೆ ಎಂದುಕೊಂಡು ಅವರು ತಲೆ ತಗ್ಗಿಸಿ, “ಹೊಡೀರಿ ಯವ್ವಾ, ಹೊಡೆದುಬಿಡ್ರಿ,” ಎಂದರು. ಸಿಟ್ಟು ಇರಲಿಲ್ಲವೆಂದಲ್ಲ. ಆದರೆ ಎರಡು ಕೂಸು ಕಳಕೊಂಡಾಗ, ಅಷ್ಟು ದೊಡ್ಡ ಆಸ್ಪತ್ರೆಗಳಲ್ಲಿ, ಒಬ್ಬರೂ ನನ್ನೆದುರು ನಿಂತು ಇದು ಕಾರಣ ಎಂದು ಬೆರಳಿಟ್ಟು ತೋರಿಸಿರಲಿಲ್ಲ. ಈ ಮನುಷ್ಯ ತೋರಿಸಿದರು. ಮೇಲೆ ಆ ಕಾರಣ ತಾನೇ ಎಂದೂ ಹೇಳಿದರು. ಅಷ್ಟು ದಿನ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಅಲ್ಲಿ, ಆ ಜಾಲಿ ಮರದ ಕೆಳಗೆ ಬಿಚ್ಚಿತು. ಇದನ್ನೆಲ್ಲ ಅವರಿಗೆ ವಿವರಿಸಲು ನನಗೆ ಆಗ ಬರಲಿಲ್ಲ. “ಇನ್ನೊಂದು ಸ್ವಲ್ಪ ಹಾಕ್ರಿ ಅಂದಾಕಿ ನಾನ ಅಲ್ಲೇನ್ರೀ ಅಣ್ಣಾ, ಏಳ್ರಿ,” ಎಂದಷ್ಟೇ ಹೇಳಿದೆ.

ಜಾಯಿಂಟು ಕತ್ತರಿಸಿ ಹಾಕಿ, ವೈರಿಗೆ ವೈರು ಹೆಣೆದು ಕಟ್ಟಿ, ಟೇಪು ಸುತ್ತಿದರು. ನಾನು ಇನ್ನು ಮನೆಗೆ ಎಂದುಕೊಂಡರೆ ಅವರು ತಲೆಯಾಡಿಸಿದರು. ಅದೇ ಸೇತುವೆ, ಅದೇ ಬಿಸಿಲು, ಅದೇ ವೇಗ. ಆಗಲೂ ದೋಷ ಬಾರದಿದ್ದರೆ ಮಾತ್ರ ಸರಿಯಾಯಿತೆಂದು ನಂಬಬೇಕು, ಇಲ್ಲದಿದ್ದರೆ ತಾವೂ ಏನೂ ಇಲ್ಲ ಎಂದು ಹೇಳಿ ಕಳಿಸಿದಂತೆ ಎಂದರು. ಹೇಳುವಾಗ ಅವರ ತುಟಿ ಒಣಗಿ ಬಿಳಿಚಿತ್ತು. ಸೇತುವೆಯ ಈಚೆಗೆ ವಾಪಸು ಹೋಗಿ ಗಾಡಿ ತಿರುಗಿಸಿ, ಹಿಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಮತ್ತೆ ಹೊರಟೆವು. ಎಂಬತ್ತರಲ್ಲಿ ಸೇತುವೆ ಏರಿದೆ. “ಐದು, ಐದು, ಐದು” ಎಂಬ ಅವರ ದನಿ ನಡುಗುತ್ತಲೇ ಇತ್ತು. ಸೇತುವೆ ಮುಗಿದು ಗದ್ದೆ ಬಂದ ಮೇಲೂ ಅವರು ನಿಲ್ಲಿಸಲಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಗಳು ಕಾಣುವ ತನಕ ಐದು ಎನ್ನುತ್ತಲೇ ಇದ್ದರು.

ಅಲ್ಲಿಗೆ ನನ್ನ ಭಯ ಒಂದು ಹದಕ್ಕೆ ಬಂತು. ಅವರದು ಅವತ್ತು ಶುರುವಾಯಿತು. ಅದೇ ಹಬ್ಬದಲ್ಲಿ ಅದೇ ಕೈಯಿಂದ ಎಷ್ಟು ಗಾಡಿಗಳಿಗೆ ಕಾಯಿ ನೀರು ಹಾಕಿದ್ದರೋ! ಮುಂದಿನ ದಿನಗಳಲ್ಲಿ ಶೆಡ್ಡು ಮುಚ್ಚಿ, ನೆನಪಿದ್ದ ಗಿರಾಕಿಗಳ ಮನೆಗೆಲ್ಲ ಹೋದರು. ಬಾನೆಟ್ ತೆಗೀರಿ, ನಾನು ತಪ್ಪು ಮಾಡಿದ್ದೇನೆ ಎಂದು ಬಾಗಿಲಲ್ಲಿ ನಿಂತು ಹೇಳಿದರು. ಕೆಲವರು ನಕ್ಕರು. ದೇವರ ನೀರಿಗೆ ಹೀಗೆ ಅನ್ನಬಾರದು ಎಂದು ಕೆಲವರು ಅವರಿಗೇ ಬುದ್ಧಿ ಹೇಳಿದರು. ಕುರುಗೋಡಿನ ಒಬ್ಬರು ಬೈದು ಕಳಿಸಿ, ಮತ್ತೆಂದೂ ಶೆಡ್ಡಿನ ಕಡೆ ಬರಲಿಲ್ಲ. ಆದರೆ ಆ ಕುರುಗೋಡಿನ ಗಾಡಿಯ ಜಾಯಿಂಟಿನಲ್ಲೂ ಕೆಂಪು ಸಿಕ್ಕಿತ್ತು, ಬೈಸಿಕೊಳ್ಳುತ್ತಲೇ ಅದನ್ನು ತೊಳೆದು ಬಂದೆ ಎಂದು ನನಗೆ ಹೇಳಿದರು. ಹೇಳುವಾಗ ಮುಖದಲ್ಲಿ ಅವಮಾನಕ್ಕಿಂತ ಬಿಡುಗಡೆಯೇ ಹೆಚ್ಚು ಕಂಡಿತು.

ಆಮೇಲೆ ನಮಗೆ ಬೇರೆ ಊರಿಗೆ ವರ್ಗವಾಯಿತು. ವರ್ಷಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಟೈರಿನ ಗಾಳಿ ನೋಡಿಸಿದಿರಾ ಎಂದು ಕೇಳುತ್ತಿದ್ದರೇ ಹೊರತು ಬೇರೆ ಮಾತು ಹೆಚ್ಚಿಲ್ಲ. ಈ ವರ್ಷ ಬಳ್ಳಾರಿಗೆ ಮರಳಿ ಬಂದು, ಶೆಡ್ಡಿಗೆ ಹೋಗಬೇಕು ಹೋಗಬೇಕು ಎನ್ನುವಷ್ಟರಲ್ಲಿ ಪಕ್ಕದ ಟೈರ್ ಅಂಗಡಿಯವರಿಂದ ಸುದ್ದಿ ಬಂತು.

ಸತ್ಯನಾರಾಯಣಪೇಟೆಯ ಅವರ ಮನೆಗೆ ನಾನು ಹಿಂದೆ ಹೋದವಳಲ್ಲ. ಸಣ್ಣ ಪಡಸಾಲೆ, ಗೋಡೆಗೆ ಒರಗಿ ಅವರ ಹೆಂಡತಿ ಕೂತಿದ್ದರು. ಬೆಳಗಿನಿಂದ ಬಂದು ಹೋದವರಿಗೆಲ್ಲ ಉತ್ತರ ಕೊಟ್ಟು ದಣಿದಿದ್ದರು. ಗಂಡನ ಗಿರಾಕಿಗಳ ಮುಖ ಅವರಿಗೆ ಗೊತ್ತಿಲ್ಲ, ಕಥೆಗಳು ಮಾತ್ರ ಗೊತ್ತು.

“ನೀವು ಯಾರು ಗೊತ್ತಾಗಲಿಲ್ಲರೀ,” ಎಂದರು. “ಯಾವ ಗಾಡಿಯವರು?”

“ಕಾಲುವಿ ಸೇತುವಿ ಮ್ಯಾಲ ನಿಂತಿತ್ತಲ್ಲಮ್ಮಾ, ಆ ಗಾಡಿ.”

ಆಕೆ ಗೋಡೆ ಬಿಟ್ಟು ನೆಟ್ಟಗೆ ಕೂತರು. “ಅವತ್ತು ಮನಿಗೆ ಬಂದು ಉಂಡಿಲ್ರೀ ಅವ್ರು. ನಡುಗಾಕತ್ತಿದ್ರು. ಗಾಡ್ಯಾಗ ಮೂರು ಮಂದಿ ಇದ್ವಿ, ಮೂರು ಮಂದೀನೂ ಹೋಗತಿದ್ವಿ, ನನ್ನಿಂದ ಅಂತಂದು ಬೆಳತನಕ ಅತ್ತಾರ.”

ಚಪ್ಪಲಿ ಬಿಡುವ ಜಾಗದಲ್ಲಿ, ಹೊಸ ಮನೆಗೆ ನಾಚಿ, ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನ ಮಗಳನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಬಂದು ಆಕೆಯ ಮುಂದೆ ನಿಲ್ಲಿಸಿದೆ. ಒಂದನೇ ಕ್ಲಾಸಿನ ಯೂನಿಫಾರ್ಮಿನಲ್ಲೇ ಇದ್ದಳು.

“ಈಕಿ ಮೂರನೇದಾಕಿ ಅಮ್ಮಾ,” ಎಂದೆ.